ಬಾಯಿ ಮೀಸಲು

ಅತ್ತೆ-ಸೊಸೆ ಮಾತು ಬಿಟ್ಟರೆ ಮಸರಕಲ್ಲಿನಲ್ಲಿ ಅದನ್ನು ಯಾರೂ ಸುದ್ದಿ ಅನ್ನುವುದಿಲ್ಲ. ಬಾವಿಯ ನೀರಿನ ಹಾಗೆ ಅದು ಇಳಿಯುತ್ತದೆ, ಮತ್ತೆ ಏರುತ್ತದೆ. ಆದರೆ ಬಾಲಮ್ಮ ಆ ದಿನ ಬೆಳಿಗ್ಗೆ ಸೊಸೆಯ ಸೂಜಿಪೆಟ್ಟಿಗೆಯನ್ನು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ ಎರಡೇ ಬೆರಳಲ್ಲಿ ಎತ್ತಿ ತಂದು ಹೊಸ್ತಿಲ ಹೊರಗಿಟ್ಟಳಲ್ಲ, ಅದು ಸುದ್ದಿಯಾಯಿತು. ಬೇವಿನ ಕಟ್ಟೆಯ ಮೇಲೆ ಕುಳಿತವರು ಬೀಡಿ ಆರಿದ್ದೂ ಗೊತ್ತಾಗದೆ ನೋಡಿದರು.

ಸೊಸೆ ಮಲ್ಲೇಶ್ವರಿ ಊರಿನ ಪಶುಸಖಿ. ತರಬೇತಿ ಪಡೆದು, ಮನೆಮನೆಯ ಕುರಿ-ಮೇಕೆಗಳಿಗೆ ಹುಳದ ಔಷಧ ಕುಡಿಸುವವಳು, ಲಸಿಕೆಯ ಸೂಜಿ ಹಾಕುವವಳು. "ಹೆಣ್ಮಗಳು ಟಗರಿನ ಕೊಳ್ಳ ಹಿಡೀತಾಳಂತ!" ಎಂದು ಮೊದಲು ನಕ್ಕವರೇ ಎರಡು ವರ್ಷದಲ್ಲಿ "ಮಲ್ಲವ್ವ, ನಮ್ಮ ಹಟ್ಟಿಗೆ ಯಾವಾಗ ಬರ್ತಿಯವ್ವಾ?" ಎಂದು ದಾರಿ ಅಡ್ಡಗಟ್ಟುವಂತಾಗಿದ್ದರು. ಎರಡು ವರ್ಷ ಕಟ್ಟಿದ ಆ ಹೆಸರು ಎಂಟು ದಿನದಲ್ಲಿ ಕರಗಿಹೋಗಿತ್ತು.

ನಡೆದದ್ದಿಷ್ಟು. ಗಂಡ ಗುರುಸಿದ್ದ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಮಾನ್ವಿ ಕಡೆಯ ಹೊಲಗಳಿಗೆ ಹೋಗಿದ್ದ. ಕೊಯ್ಲಾದ ಹೊಲದಲ್ಲಿ ಹಿಂಡು ಮಲಗಿಸಿದರೆ ಹೊಲಕ್ಕೆ ಗೊಬ್ಬರ, ಹಿಂಡಿಗೆ ಮೇವು. ಅಷ್ಟು ದೂರ ನಡೆಯಲಾರದ ನಲವತ್ತು ಮರಿಗಳು ಮನೆಯ ಹಟ್ಟಿಯಲ್ಲೇ ಉಳಿದಿದ್ದವು. ಅವುಗಳಲ್ಲಿ ಒಂಬತ್ತು ಮೀಸಲ ಮರಿ. ಅಂದರೆ ಹಣೆಗೆ ಭಂಡಾರ ಹಚ್ಚಿ, ಕೊರಳಿಗೆ ಹಳದಿ ದಾರ ಕಟ್ಟಿ ಬೀರಪ್ಪನಿಗೆ ಬಿಟ್ಟವು. ಬಾಲಮ್ಮ ಹೊತ್ತ ಹರಕೆ. ಮಳೆಗಾಲದ ಕೊನೆಗೆ ಮಲ್ಲೇಶ್ವರಿ ಮರಿಗಳಿಗೆಲ್ಲ ಹುಳದ ಔಷಧ ಮುಗಿಸಿದಳು. ಮೂರು ವಾರ ಬಿಟ್ಟು ಹಿರೇಬೇನೆಯ ಲಸಿಕೆ ಹಾಕಿದಳು. ತಿಂಗಳು ತುಂಬುವುದರೊಳಗೆ, ಯಾರೋ ದೇವದುರ್ಗದ ಸಂತೆಯಿಂದ ಹಿಡಿದು ತಂದ ಮೇಕೆಯ ಬೆನ್ನಿಗೆ ಹಿರೇಬೇನೆಯೇ ಊರಿಗೆ ನಡೆದುಬಂತು. ಮೂಗು ಸುರಿಯುವ, ಬಾಯಿ ಹುಣ್ಣಾಗುವ, ಕರುಳು ನೀರಾಗಿ ಹರಿಯುವ ಬೇನೆ ಅದು.

ಲಸಿಕೆ ಹಾಕಿಸಿಕೊಂಡ ಸಾದಾ ಮರಿಗಳಲ್ಲಿ ಒಂದೂ ಕೆಮ್ಮಲಿಲ್ಲ. ಅದೇ ಕೈ, ಅದೇ ಸೂಜಿ, ಅದೇ ದಿನ. ಆದರೆ ಮೀಸಲ ಮರಿಗಳು ಮಾತ್ರ ಒಂದರ ಹಿಂದೊಂದು ಕಾಲು ಚಾಚಿದವು.

ದೇವರು ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಮಾತಾಡಬೇಕು? ಊರಿನ ಕುರಿಗಾರರಲ್ಲಿ ಹಿರಿಯನಾದ ಜಂಬಣ್ಣ ಕಟ್ಟೆಯ ಮೇಲೆ ತೀರ್ಪು ಕೊಟ್ಟೇಬಿಟ್ಟ. "ದೇವ್ರ ಮರಿ ಮೈಗೆ ಕಬ್ಬಿಣ ಚುಚ್ಚಿದ್ರ ಅವ ಸುಮ್ಮನಿರ್ತಾನೇನಬೇ? ನಮ್ಮ ಹಟ್ಟಿ ಕಡಿ ಆ ಪೆಟಿಗಿ ತರಬ್ಯಾಡ."

"ಕಾಕಾ, ಬ್ಯಾನಿ ಊರಾಗ ಬಂದದ. ನಿಮ್ಮ ಮರಿಗೆ ಇನ್ನಾ ಲಸಿಕಿ ಆಗಿಲ್ಲ."

"ಆಗದ ನಮ್ಮವು ಬದುಕ್ಯಾವ. ಆದ ದೇವ್ರ ಮರಿ ಸತ್ತಾವ. ಲೆಕ್ಕ ನನಗೂ ಬರ್ತದ."

ಮೊದಲ ಮರಿ ಸತ್ತ ದಿನವೇ ಬಾಲಮ್ಮ, ಇನ್ನೂ ಮೂಗು ಸುರಿಯದಿದ್ದ ನಾಲ್ಕು ಮೀಸಲ ಮರಿಗಳನ್ನು ಎತ್ತಿಕೊಂಡು ಬಂದು ಒಳಮನೆಯಲ್ಲಿ ತನ್ನ ಮಂಚದ ಕಾಲಿಗೆ ಕಟ್ಟಿದ್ದಳು. ಸೊಸೆ ಆ ಕಡೆ ಕಾಲಿಟ್ಟರೆ ಸೆರಗು ಚಾಚಿ ಅವನ್ನು ಮುಚ್ಚುತ್ತಿದ್ದಳು. ಹತ್ತು ತಿಂಗಳ ಮೊಮ್ಮಗಳನ್ನು ಮಾತ್ರ ಕಂಕುಳಿಂದ ಇಳಿಸುತ್ತಿರಲಿಲ್ಲ. ಹಸಿವಾದಾಗ ತಂದು ತಾಯಿಯ ಮಡಿಲಲ್ಲಿ ಹಾಕಿ, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು.

ಮಲ್ಲೇಶ್ವರಿಗೆ ಊರಿನ ಮಾತು ನಾಟಿದ್ದಕ್ಕಿಂತ ತನ್ನ ಒಳಗಿನ ಮಾತು ಹೆಚ್ಚು ನಾಟಿತ್ತು. ಲಸಿಕೆ ತಂದ ದಿನ ಬಸ್ಸು ತಡವಾಗಿತ್ತು. ಪೆಟ್ಟಿಗೆಯ ಐಸು ಅರ್ಧ ಕರಗಿತ್ತೋ ಏನೋ. ಕೊನೆಯ ಬಾಟಲಿ ಬಿಸಿಲಿಗೆ ಬಿದ್ದಿತ್ತೋ ಏನೋ. ದೇವರು ಕೊಂದಿಲ್ಲವಾದರೆ ನಾನೇ ಕೊಂದೆನಾ?

ಐದನೇ ಮರಿ ಸೋಮವಾರ ಬೆಳಕು ಹರಿಯುವಾಗ ಸತ್ತಿತು. ಅವಳು ದೇವದುರ್ಗದ ದನದ ಡಾಕ್ಟರಿಗೆ ಫೋನು ಮಾಡಿದಳು. "ಕೊಯ್ದು ನೋಡಿದ್ರನ ತಿಳಿಯೋದು. ರಾಯಚೂರು ಲ್ಯಾಬಿಗೆ ಒಯ್ತೀಯೇನಮ್ಮಾ? ಕೆಡೂದ್ರೊಳಗ ಮುಟ್ಟಬೇಕು," ಎಂದರು ಅವರು. ಮೀನು ಮಾರುವವರ ಹಳೆಯ ಥರ್ಮಾಕೋಲ್ ಪೆಟ್ಟಿಗೆ ಸಿಕ್ಕಿತು. ಐಸು ತುಂಬಿ, ಮರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಲಗಿಸಿ, ಅವಳು ಬಸ್ಸಿಗೆ ನಿಂತಳು. ಬಾಲಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಕಂಡಕ್ಟರ್ ಸಮೀಉಲ್ಲಾ ಪೆಟ್ಟಿಗೆಯ ಮೇಲೆ ಬೆರಳಲ್ಲಿ ಬಡಿದ. "ಏನವ್ವಾ, ಮೀನೇನು?"

"ಮರಿ ಅಣ್ಣಾ."

"ಜೀವಂತನ?"

"ಇಲ್ಲ."

ಸಮೀಉಲ್ಲಾ ಟಿಕೆಟ್ ಯಂತ್ರ ಹಿಡಿದ ಕೈ ಸೊಂಟಕ್ಕಿಟ್ಟ. "ಸತ್ತ ಮರಿ ತಗೊಂಡು ರಾಯಚೂರಿಗೆ ಬೀಗರೂಟಕ್ಕ ಹೊಂಟೀಯೇನು?"

"ಲ್ಯಾಬಿಗೆ ಅಣ್ಣಾ. ಎದಕ ಸತ್ತದ ಅಂತ ಕೊಯ್ದು ನೋಡ್ತಾರ."

"ಹೆಣ್ಣೋ ಗಂಡೋ?"

"ಗಂಡು."

"ಥತ್! ಹೆಣ್ಣಾಗಿದ್ರ ಫ್ರೀ ಟಿಕೆಟ್ ಹರದು ಕೂಡಸ್ತಿದ್ದೆ ನೋಡು, ಕಿಟಕಿ ಕಡಿ." ಬಸ್ಸಿಗೆ ಬಸ್ಸೇ ನಕ್ಕಿತು. ಮಲ್ಲೇಶ್ವರಿಗೂ ಎಂಟು ದಿನದ ಮೇಲೆ ತುಟಿ ಅಲುಗಿತು. ಅದನ್ನು ಕಂಡದ್ದಕ್ಕೋ ಏನೋ, ಸಮೀಉಲ್ಲಾ ತಾನೇ ಪೆಟ್ಟಿಗೆ ಎತ್ತಿ ಹಿಂದಿನ ಸೀಟಿನ ಕೆಳಗೆ ತಳ್ಳಿದ. "ಗಬ್ಬೂರು ದಾಟೂತನ ಯಾರೂ ಕೇಳಂಗಿಲ್ಲ. ವಾಸ್ನಿ ಬಂತಂದ್ರ ಡ್ರೈವರ್ ಸಾಬ್ರ ಸಾಕ್ಸಿಂದು ಅಂತೀನಿ."

ರಾಯಚೂರಿನ ಲ್ಯಾಬಿನಲ್ಲಿ ಡಾಕ್ಟರ್ ಎಂದರೆ ಕನ್ನಡಕದ ಹಿರಿಯರೊಬ್ಬರು ಇರುತ್ತಾರೆಂದು ಅವಳು ತಿಳಿದಿದ್ದಳು. ಇದ್ದವಳು ತನ್ನದೇ ವಯಸ್ಸಿನ ವೇದಶ್ರೀ. ಗಂಬೂಟು, ಪ್ಲಾಸ್ಟಿಕ್ ಅಂಗಿ, ಕಿವಿಯಲ್ಲಿ ಪುಟ್ಟ ಮುತ್ತು. ಸಹಾಯಕ್ಕೆ ಸಾಬಣ್ಣ ಎಂಬ ಅಟೆಂಡರ್. ಒಂದು ಕಾಲಕ್ಕೆ ಕುಸ್ತಿ ಆಡಿದವನಿರಬೇಕು, ಕಿವಿಗಳು ಮುದುಡಿದ ಹೂವಿನಂತಿದ್ದವು. ಅವನು ಮರಿಯನ್ನು ಕಲ್ಲಿನ ಮೇಜಿನ ಮೇಲೆ ಮಲಗಿಸುವಾಗ ಮಲಗಿದ ಕೂಸನ್ನು ಇಳಿಸಿದಷ್ಟು ಮೆತ್ತಗೆ ಇಳಿಸಿದ. ಮಲ್ಲೇಶ್ವರಿಗೆ ಅದೊಂದೇ ಸಾಕಾಯಿತು. ಅಲ್ಲಿಯವರೆಗೆ ಹಿಡಿದಿಟ್ಟ ಅಳು ಬಂದುಬಿಟ್ಟಿತು.

"ಅಳ್ರಿ, ತೊಂದ್ರಿಲ್ಲ," ಎಂದಳು ವೇದಶ್ರೀ. "ಹೊರಗ ಕೂಡ್ತೀರೇನು?"

"ಇಲ್ರಿ ಮೇಡಮ್ಮರ. ನಾ ನೋಡಬೇಕು. ನನ್ನ ಸೂಜಿ ಕೊಂದದೇನು, ಅಷ್ಟ ಹೇಳ್ರಿ."

ವೇದಶ್ರೀ ಚಾಕು ಎತ್ತಿಕೊಂಡಳು. ಕೊಯ್ದಳು. ಬಾಯಿ, ಶ್ವಾಸಕೋಶ, ಕರುಳು ನೋಡಿ, "ಹಿರೇಬ್ಯಾನಿನೇ," ಎಂದಳು. ಆಮೇಲೆ ಕುರಿಯ ನಾಲ್ಕು ಹೊಟ್ಟೆಗಳಲ್ಲಿ ಕೊನೆಯದನ್ನು ಬಿಡಿಸಿದಳು. ಒಳಗೆ ಹುಳುಗಳು. ಒಂದೆರಡಲ್ಲ, ಕೆಂಪು-ಬಿಳಿ ಎಳೆ ಹೊಸೆದ ದಾರವನ್ನು ಯಾರೋ ತುಂಡು ತುಂಡು ಮಾಡಿ ಹಿಡಿ ಹಿಡಿ ಚೆಲ್ಲಿದಂತಿತ್ತು. ಕೆಲವು ಇನ್ನೂ ಹೊರಳುತ್ತಿದ್ದವು.

"ರಕ್ತ ಹೀರೋ ಹುಳ ಇವು. ಮರಿ ಕಣ್ಣ ರೆಪ್ಪಿ ಒಳಗ ನೋಡ್ರಿ, ಕಾಗದದಂಗ ಬೆಳ್ಳಗಾಗ್ಯದ." ಅವಳು ಕೊರಳಿನಿಂದ ಎದೆಯವರೆಗೆ ಚರ್ಮ ಬಿಡಿಸಿ, ತುಂಬಾ ಹೊತ್ತು ಏನನ್ನೋ ಹುಡುಕಿದಳು. ಚಿಮಟಿಗೆಯ ತುದಿಯಲ್ಲಿ ಎತ್ತಿ ಹಿಡಿದದ್ದು ಒಣಗಿದ ಬದನೆ ಸಿಪ್ಪೆಯಂಥ ಒಂದು ಎಳೆ. "ಸಾಬಣ್ಣಾ, ಆ ಲಾರಿ ಹಾಯ್ದ ಮರಿದು ಬಾಟ್ಲಿ ಕೊಡು."

ಗಾಜಿನ ಬಾಟಲಿಯಲ್ಲಿ, ಅಪಘಾತದಲ್ಲಿ ಸತ್ತ ಅದೇ ವಯಸ್ಸಿನ ಗಟ್ಟಿಮುಟ್ಟು ಮರಿಯೊಂದರದು ಇತ್ತು. ಅಂಗೈ ಅಗಲ, ದ್ರಾಕ್ಷಿಗೊಂಚಲಿನಂತೆ ತುಂಬಿಕೊಂಡದ್ದು. ವೇದಶ್ರೀ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಳು.

"ಇದಕ್ಕ ಥೈಮಸ್ ಅಂತಾರ. ಎಳೀ ಜೀವದಾಗ ದೊಡ್ಡದಿರ್ತದ, ವಯಸ್ಸಾದಂಗ ತಾನ ಕರಗ್ತದ. ಕೂಸಿದ್ದಾಗ ನಮಗೂ ದೊಡ್ಡದಿತ್ತು. ಎಲುಬಿನ ಮಜ್ಜೆಯಾಗ ಹುಟ್ಟಿದ ಎಳೀ ಕೋಶಗಳು ಇಲ್ಲಿಗೆ ಬಂದು ಸೇರ್ತಾವ. ರೋಗದ ಜೋಡಿ ಕಾದಾಡೂದು ಇಲ್ಲೇ ಕಲೀಬೇಕು. ಒಂಥರಾ ಸಾಲಿ ಇದ್ದಂಗ."

"ಸಾಲಿ ಅನಬ್ಯಾಡ್ರಿ ಮೇಡಮ್ಮರ," ಎಂದ ಸಾಬಣ್ಣ ಚಾಕು ತೊಳೆಯುತ್ತ. "ಸಾಲಿ ಅಂದ್ರ ಮಧ್ಯಾಹ್ನ ಊಟ ಮಾಡಿ ಮನಿಗಿ ಬರ್ತಾವ. ಗರಡಿಮನಿ ಅನ್ರಿ."

ವೇದಶ್ರೀ ನಕ್ಕಳು. "ಆತು, ಗರಡಿಮನಿ. ಇಲ್ಲಿ ಕಲ್ಸೋ ಪಟ್ಟು ಎರಡ. ಹೊರಗಿನವ ಬಂದ್ರ ಗುರ್ತು ಹಿಡೀಬೇಕು. ನಮ್ಮವರ ಮ್ಯಾಲೆ ಕೈ ಎತ್ತಬಾರದು. ಭಾಳ ಕಠಿಣ ಪರೀಕ್ಷಾ. ನೂರು ಸೇರಿದ್ರ ಒಂದೆರಡೋ ಮೂರೋ ಪಾಸಾಗಿ ಹೊರಗ ಬರ್ತಾವ. ಉಳದವು ಒಳಗ ಸಾಯ್ತಾವ. ಹೊರಗ ಬಂದವ ಪೈಲ್ವಾನ್ರು. ಈಗ ಹುಳ ಒಂದಸಮ ರಕ್ತ ಹೀರಿ ಮೈ ಸೋತು ಸುಣ್ಣಾತು ಅಂತ ತಿಳೀರಿ. ಮೈ ಮೊದಲು ಮುಚ್ಚೋದು ಈ ಗರಡಿನ. ಎಳೇವು ಪಟ್ಟು ಕಲಿಯೋದ್ರೊಳಗ ಉದುರ್ತಾವ, ಹೊಸಾವು ಬರಂಗಿಲ್ಲ. ನೀವು ಹಾಕಿದ ಲಸಿಕಿ ಅಂದ್ರ ಪಟ್ಟು ಕಲಿಸೋ ವಸ್ತಾದ ಇದ್ದಂಗ. 'ಹಿರೇಬ್ಯಾನಿ ಹಿಂಗ ಬರ್ತದ, ಹಿಂಗ ಕೆಡುವ್ರಿ' ಅಂತ ಹೇಳಾಕ ಬಂದ. ಬಂದು ನೋಡಿದ್ರ ಗರಡಿ ಖಾಲಿ."

ಮಲ್ಲೇಶ್ವರಿಗೆ ಆ ಚಿತ್ರ ಕಣ್ಣಿಗೆ ಕಟ್ಟಿತು. ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆಗಳು, ಬಾಗಿಲಲ್ಲಿ ರುಮಾಲು ಸುತ್ತಿದ ಮುದುಕ ವಸ್ತಾದ. ಅವನು ಯಾರನ್ನೋ ಕರೆಯುತ್ತಾನೆ. ಯಾರೂ ಬರುವುದಿಲ್ಲ.

"ಇದೊಂದ ಕಾರಣ ಅಂತ ನಾ ಎದಿ ತಟ್ಟಿ ಹೇಳಂಗಿಲ್ಲ ಮತ್ತ," ವೇದಶ್ರೀ ಮುಂದುವರಿಸಿದಳು. "ಹಿರೇಬ್ಯಾನಿನೂ ಇದನ್ನ ಸುಡ್ತದ. ಆದ್ರ ಇಷ್ಟು ಒಣಗೂದು ನಾಕು ದಿನದ ಕೆಲ್ಸಲ್ಲ. ಅದಿರ್ಲಿ, ಹುಳದ ಔಷಧ ಕುಡಿಸಿದ್ರೇನು?"

"ಕುಡಿಸೀನ್ರಿ. ನಲವತ್ತಕ್ಕೂ."

"ಹಂಗಾರ ಔಷಧ ನಾಟಿಲ್ಲ. ಉಳಿದ ಮರಿ ಹ್ಯಾಂಗದಾವ?"

"ಗುಂಡಕಲ್ಲಿನಂಗ ಅದಾವ್ರಿ."

"ಅದ ಬಾಟ್ಲಿ ಔಷಧ ಅವಕ್ಕ ನಾಟಿ ಇದಕ್ಕ ನಾಟಿಲ್ಲಂದ್ರ..." ವೇದಶ್ರೀ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಸಾಬಣ್ಣ ಮರಿಯ ಕೊರಳಿಂದ ಕತ್ತರಿಸಿ ಬದಿಗಿಟ್ಟಿದ್ದ ಹಳದಿ ದಾರ ಎತ್ತಿ, "ಇದೇನವ್ವಾ, ತಾಯತೇನು?" ಎಂದು ಕೇಳಿದ.

"ಅಲ್ರಿ. ಮೀಸಲ ಮರಿ ಇದು. ದೇವ್ರದು."

ವೇದಶ್ರೀಯ ಕೈ ನಿಂತಿತು. "ಮೀಸಲ? ನಮ್ಮನ್ಯಾಗ ಮೀಸಲ ಅಂದ್ರ ಭಾಳ ಕಟ್ಟುನಿಟ್ಟು. ನಮ್ಮಜ್ಜಿ ಅಹಲ್ಯಾಬಾಯಿ ದೇವ್ರ ಪೂಜಿಗಂತ ಮೀಸಲ ನೀರು ತಂದಿಡ್ತಾಳ. ಸಣ್ಣಾಕಿದ್ದಾಗ ನನಗ ಜ್ವರ ಬಂದು ನೀರು ನೀರು ಅಂದ್ರೂ ಆ ಕೊಡ ಮುಟ್ಟಗೊಡಲಿಲ್ಲ. ಬ್ಯಾರೆ ಸೇದಿ ತಂದು ಕುಡಿಸಿದ್ಲು. ಜೀವದಂಥ ಮೊಮ್ಮಗಳು ನಾನು! ನಿಮ್ಮಾಗ ಹ್ಯಾಂಗ?"

"ನಮ್ಮತ್ತಿ ತವರಿನ ಪದ್ಧತಿರೀ. ಬಾಯಿ ಮೀಸಲ ಅಂತಾರ. ಹರಕಿ ಮುಟ್ಟೂತನ ಆ ಮರಿ ಬಾಯಿಗೆ ತಾಯಿ ಹಾಲು, ಹುಲ್ಲು, ನೀರು ಬಿಟ್ರ ಬ್ಯಾರೆ ಏನೂ ಹಾಕಂ..."

ಮಾತು ಅಲ್ಲೇ ತುಂಡಾಯಿತು.

ಅವಳು ಆ ದಿನವನ್ನು ಕಂಡಳು. ಒಂದೊಂದೇ ಮರಿಯ ಬಾಯಿಗೆ ಬಿಳಿ ಔಷಧ ಬಿಡುತ್ತ ಬಂದಿದ್ದಾಳೆ. ಕೊನೆಗೆ ಗೂಟಕ್ಕೆ ಬೇರೆಯಾಗಿ ಕಟ್ಟಿದ ಒಂಬತ್ತು ಉಳಿದಿವೆ. ಒಳಗೆ ಕೂಸು ಕಿರುಚಿ ಅಳುತ್ತದೆ. ಅತ್ತೆ ಬಂದು, ಎಂದೂ ಮುಟ್ಟದ ಔಷಧದ ಬಾಟಲಿಯನ್ನು ಕೈಯಿಂದ ತೆಗೆದುಕೊಳ್ಳುತ್ತಾಳೆ. "ಹೋಗಬೇ, ಹಾಲು ಕೊಡು. ಇವುಕ್ಕ ನಾ ಹಾಕ್ತೀನಿ." ಎಷ್ಟು ಸಂತೋಷವಾಗಿತ್ತು ಆಗ! ಅತ್ತೆ ತನ್ನ ಕೆಲಸಕ್ಕೆ ಕೈ ಹಾಕಿದಳು ಎಂದು. ತಿರುಗಿ ಬಂದಾಗ ಒಂಬತ್ತರ ಬಾಯಿಯೂ ಬೆಳ್ಳಗಾಗಿತ್ತು. ಬಾಟಲಿ ಖಾಲಿಯಾಗಿತ್ತು. ಔಷಧ ಬೆಳ್ಳಗೆ, ಮಜ್ಜಿಗೆಯೂ ಬೆಳ್ಳಗೆ. ತುಟಿಯ ಮೇಲೆ ಒರೆಸಿದ್ದು ಯಾವುದೆಂದು ಯಾರು ಮೂಸಿ ನೋಡುತ್ತಾರೆ? ಅವಳು ಪುಸ್ತಕದಲ್ಲಿ ನಲವತ್ತು ಎಂದು ಬರೆದುಬಿಟ್ಟಿದ್ದಳು.

"ಕುಡಿಸಿದ್ದು ನಾ ಕಣ್ಲೆ ನೋಡಿಲ್ರಿ," ಎಂದಳು ಮಲ್ಲೇಶ್ವರಿ.

ವೇದಶ್ರೀ ಕೈತೊಳೆದು ಬಂದು ಅವಳ ಪಕ್ಕ ಸ್ಟೂಲು ಎಳೆದು ಕೂತಳು. ಒಳಮನೆಯಲ್ಲಿ ಕಟ್ಟಿದ ನಾಲ್ಕು ಮರಿಗಳ ಸುದ್ದಿ ಕೇಳಿ ಡಾಕ್ಟರಮ್ಮನ ಮುಖ ಅರಳಿತು. "ನಿಮ್ಮತ್ತಿ ಅವನ್ನ ಬ್ಯಾರೆ ಮಾಡಿದ್ರಲ್ಲ, ನಾನಿದ್ರೂ ಅದನ್ನ ಹೇಳ್ತಿದ್ದೆ. ಅದಕ್ಕ ಉಳದಾವ."

"ಒಣಗಿದ ಗರಡಿ ಮತ್ತ ಬೆಳೀತದೇನ್ರಿ?"

"ಎಳೀ ಮರಿ ಅಲ್ರಿ? ಹುಳ ಹೋಗಿ ಹೊಟ್ಟಿ ತುಂಬಿದ್ರ ತಿರುಗಿ ತುಂಬ್ಕೋತದ. ಎಷ್ಟು ಅಂತ ಹೇಳಾಕ ನನಗ ಬರಂಗಿಲ್ಲ. ಮೂರು ವಾರ ಚೊಲೊ ಹಸಿರು ಹುಲ್ಲು ಹಾಕ್ರಿ, ಮತ್ತ ಲಸಿಕಿ ಹಾಕ್ರಿ. ಊರಾಗ ಗಟ್ಟಿ ಇದ್ದ ಮರಿಗೆ ನಾಳಿನ ಹಾಕ್ರಿ, ತಡ ಮಾಡಬ್ಯಾಡ್ರಿ." ಆಮೇಲೆ ಅವಳು ಸಣ್ಣ ಹುಡುಗಿಯಂತೆ ಕಣ್ಣು ಕಿರಿದು ಮಾಡಿದಳು. "ಬಾಯಿ ಮೀಸಲ ಅಂದ್ರ ಬಾಯಿ ಅಷ್ಟ ಹೌದಲ್ಲೋ? ಹುಳಕ್ಕ ಚರ್ಮದ ಕೆಳಗ ಹಾಕೋ ಸೂಜಿನೂ ಅದ. ಬಾಯಿ ಮುಟ್ಟೂದ ಬ್ಯಾಡ."

ಲಸಿಕೆ ಸರಿಯಾಗಿಯೇ ಇತ್ತು, ಸೂಜಿಯದು ತಪ್ಪಲ್ಲ, ಹುಳದ ಔಷಧ ಮರಿಗೆ ಮುಟ್ಟಿಲ್ಲ ಎಂದು ಸಹಿ-ಮುದ್ರೆ ಹಾಕಿ ಬರೆದ ಕಾಗದ ಮಲ್ಲೇಶ್ವರಿಯ ಕೈಚೀಲದಲ್ಲಿತ್ತು. ಬಸ್ಸು ಯಾಕೆ ಇಷ್ಟು ಬೇಗ ಓಡುತ್ತಿದೆ ಅನ್ನಿಸಿತು. ಬೆಳಿಗ್ಗೆ ಈ ಕಾಗದಕ್ಕಾಗಿ ಅವಳು ಏನು ಬೇಕಾದರೂ ಕೊಡುತ್ತಿದ್ದಳು. ಈಗ ಅದನ್ನು 'ಓದಿ' ಎಂದು ಕಟ್ಟೆಯ ಮೇಲಿಟ್ಟರೆ ತನ್ನ ಹೆಸರು ತೊಳೆದುಹೋಗುತ್ತದೆ. ತೊಳೆದ ನೀರು ಯಾರ ಮೇಲೆ ಬೀಳುತ್ತದೆ?

ಇಳಿಯುವಾಗ ಇನ್ನೂ ಬಿಸಿಲಿತ್ತು. ಜಂಬಣ್ಣ ಕಟ್ಟೆಯಿಂದಲೇ ಕೂಗಿದ. "ಏನಬೇ, ಏನಂದ್ರು ನಿಮ್ಮ ರಾಯಚೂರು ಡಾಕ್ಟರು? ಸೂಜಿ ಬಂಗಾರದ್ದಂದ್ರೇನು?"

ಕೈ ಚೀಲದೊಳಗೆ ಹೋಯಿತು. ಕಾಗದದ ಅಂಚು ಬೆರಳಿಗೆ ತಾಗಿತು. "ನಾಳಿ ಹೇಳ್ತೀನಿ ಕಾಕಾ."

"ನಾಳಿ! ತಪ್ಪು ಇದ್ದವ್ರಿಗೆ ಯಾವಾಗ್ಲೂ ನಾಳಿನ." ಕಟ್ಟೆ ನಕ್ಕಿತು. ಅವಳು ತಲೆ ತಗ್ಗಿಸಿ ನಡೆದಳು.

ಬಾಲಮ್ಮ ಒಳಮನೆಯಲ್ಲಿ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ತೂಗುತ್ತಿದ್ದಳು. ನಾಲ್ಕು ಮರಿಗಳೂ ಮಂಚದ ಕಾಲಿಗೆ ಅಂಟಿ ಮಲಗಿದ್ದವು. ಮಲ್ಲೇಶ್ವರಿ ಹೊಸ್ತಿಲ ಈಚೆಯೇ ಕೂತಳು. ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಗರಡಿಮನೆಯಿಂದ ಶುರು ಮಾಡಿದಳು. ಕಥೆ ಹೇಳುವ ಹಾಗೆ ಹೇಳಿದಳು: ಒಂದೊಂದು ಮರಿಯ ಎದೆಯಲ್ಲೂ ಒಂದೊಂದು ಗರಡಿ ಇರುತ್ತದಂತೆ, ಹುಳ ತುಂಬಿದರೆ ಅದರ ಬಾಗಿಲು ಮುಚ್ಚುತ್ತದಂತೆ, ವಸ್ತಾದ ಬಂದು ಬರಿಗೈಲಿ ಹೋಗುತ್ತಾನಂತೆ. ಔಷಧದ ಹೆಸರನ್ನೇ ಎತ್ತಲಿಲ್ಲ.

ಎತ್ತುವುದು ಬೇಕಾಗಲಿಲ್ಲ. ತೂಗುತ್ತಿದ್ದ ಕಾಲು ನಿಂತಿತು.

"ತಿಪ್ಪಿಗೆ ಚೆಲ್ಲಿದೆ," ಎಂದಳು ಬಾಲಮ್ಮ. ಎಂಟು ದಿನದಲ್ಲಿ ಸೊಸೆಗೆ ಆಡಿದ ಮೊದಲ ಮಾತು. "ಬಾಯಿ ಹೊರಗಷ್ಟ ಮಜ್ಜಿಗಿ ಒರಸಿದೆ. ಹಂಗಾರ ನಾನ ಕೊಂದ್ನೇನ?"

"ಅತ್ತಿ..."

"ನೀ ಆವಾಗ ಎಚ್ಚರಿದ್ದಿಲ್ಲ. ಏಳು ತಿಂಗಳಿಗೇ ಹುಟ್ಟಿದ ಕೂಸು ಇದು. ರಾಯಚೂರಾಗ ಗಾಜಿನ ಪೆಟಿಗ್ಯಾಗ ಇಟ್ಟಿದ್ರು, ಇಲಿಮರಿಯಂಗ. ನಾ ಒಂದು ಹನಿ ಜೇನತುಪ್ಪ ನೆಕ್ಕಸ್ತೀನಂದೆ. ನರ್ಸಮ್ಮ ಹೊರಗ ದಬ್ಬಿದ್ಲು. 'ಬಾಯಿಗೆ ಏನೂ ಹಾಕಂಗಿಲ್ಲ ಅಜ್ಜಿ' ಅಂದ್ಲು. ಹೊರಗ ಬಾಗಲಾಗ ಕುಂತು ಬೀರಪ್ಪಗ ಅಂದೆ, ನೀ ಈ ಬಾಯಿ ಉಳಸು, ನಾನೂ ಒಂಬತ್ತು ಬಾಯಿ ನಿನಗ ಕೊಡ್ತೀನಿ, ಅದಕ್ಕ ಏನೂ ಹಾಕಂಗಿಲ್ಲ." ಅವಳು ಕೂಸಿನ ತುಟಿಯನ್ನು ಬೆರಳಿಂದ ಸವರಿದಳು. "ಅದನ್ನ ಹ್ಯಾಂಗ ಮುರೀಲಬೇ? ಮುರದ್ರ ಇದಕ್ಕೇನರ ಆದ್ರ?"

ಮಲ್ಲೇಶ್ವರಿ ಹೊಸ್ತಿಲು ದಾಟಿದಳು. ಈ ಸಲ ಬಾಲಮ್ಮ ಸೆರಗು ಚಾಚಲಿಲ್ಲ.

"ನನ್ನದೂ ಅದ ತಪ್ಪು. ಬಾಯಿ ಮೀಸಲ ಅಂತ ಗೊತ್ತಿತ್ತು, ಬಾಯ್ಬಿಟ್ಟು ಕೇಳಲಿಲ್ಲ. ಕೇಳಿದ್ರ ಜಗಳ ಆಗ್ತದಂತ ಕಣ್ಣು ಮುಚ್ಚಿ ನಲವತ್ತು ಅಂತ ಬರದೆ. ಅತ್ತಿ, ಡಾಕ್ಟರ ಬರದ ಕಾಗದ ನನ್ನ ಚೀಲದಾಗ ಅದ, ಆದ್ರ ಊರಾಗ ನಾ ತೋರಸಂಗಿಲ್ಲ. ಸೂಜಿನ ಕೊಂದದ ಅಂದ್ರ ಅನ್ಲಿ."

"ಮತ್ತ ಆ ಜಂಬಣ್ಣನ ಮರಿ? ಲಸಿಕಿ ಇಲ್ದ ಸಾಯಬೇಕೇನು?"

ಮಲ್ಲೇಶ್ವರಿ ಬಸ್ಸಿನುದ್ದಕ್ಕೂ ಅದಕ್ಕೇ ದಾರಿ ಹುಡುಕಿ ಸೋತಿದ್ದಳು.

"ಇವು ನಾಕು ಉಳೀತಾವೇನು?" ಬಾಲಮ್ಮ ಕೇಳಿದಳು.

"ಹುಳ ತಗದ್ರ ಉಳಿಯೋ ದಾರಿ ಅದ. ಬಾಯಿಗೆ ಬ್ಯಾಡ, ಚರ್ಮದ ಕೆಳಗ ಹಾಕೂದು."

"ಮತ್ತ ಸೂಜಿನ?"

"ಸೂಜಿನ ಅತ್ತಿ."

ಬಾಲಮ್ಮ ಒಂದು ಮರಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಎದೆಯ ಮೇಲೆ ಅಂಗೈ ಇಟ್ಟು, ಒಳಗೇನಾದರೂ ಸದ್ದು ಕೇಳುತ್ತದೋ ಎಂಬಂತೆ ಕೂತಳು. ಆಮೇಲೆ ಕೂಸಿನ ಎದೆಯ ಮೇಲೆ. "ಇದಕ್ಕೂ ಅದೇನು ಆ ಗರಡಿ?"

"ಅದ. ನಿನ್ನ ಕೈ ಇರೋದು ಅದರ ಮ್ಯಾಲೇ."

ಮರುದಿನ ಬೆಳಿಗ್ಗೆ ಮಲ್ಲೇಶ್ವರಿ ಹಿತ್ತಲಲ್ಲಿ ಗೋಣಿತಟ್ಟು ಹಾಸಿ, ವೇದಶ್ರೀ ಕೊಟ್ಟಿದ್ದ ಔಷಧ ಸಿರಿಂಜಿಗೆ ತುಂಬಿ ಕಾದಳು. ಅತ್ತೆ ಬರಲಿಲ್ಲ. ಮುಂಬಾಗಿಲ ಕಡೆ ಮರಿ ಕೂಗಿದ್ದು ಕೇಳಿ ಓಡಿದರೆ, ಬಾಲಮ್ಮ ಎರಡು ಕಂಕುಳಲ್ಲಿ ಎರಡು ಮರಿ ಇರುಕಿಕೊಂಡು, ಇನ್ನೆರಡರ ಹಗ್ಗ ಕಾಲಡಿ ಮೆಟ್ಟಿಕೊಂಡು ಕಟ್ಟೆಯ ಎದುರಿಗೇ ಅಂಗಳದಲ್ಲಿ ಕೂತಿದ್ದಾಳೆ.

"ಇಲ್ಲೇ ಹಾಕು."

"ಅತ್ತಿ, ಒಳಗ..."

"ಒಳಗ ಮಾಡಿದ್ದು ಸಾಕಾತು. ಹಾಕು."

ಜಂಬಣ್ಣ ಎದ್ದು ಬಂದ. ಅವನ ಹಿಂದೆ ನಾಲ್ಕಾರು ಮಂದಿ. "ಬಾಲವ್ವಾ, ತಲಿ ಕೆಟ್ಟದೇನು ನಿನಗ? ಐದು ನುಂಗಿದ ಸೂಜಿಗೆ ಉಳದವ್ನೂ ಕೊಡ್ತೀಯಾ?"

"ಸೂಜಿ ಸುದ್ದಿ ಬಿಡು ಜಂಬಣ್ಣಾ. ಐದು ನುಂಗಿದ್ದು ಹುಳ. ಹುಳದ ಔಷಧ ತಿಪ್ಪಿಗೆ ಚೆಲ್ಲಿದಾಕಿ ನಾನು. ಸೊಸಿ ಕಣ್ಣಿಗೆ ಮಜ್ಜಿಗಿ ಒರಸಿದಾಕಿನೂ ನಾನ." "ಆಕಿ ನಿನ್ನೆನ ಕಾಗದ ತಂದಾಳ. ನನ್ನ ಮಾರಿ ನೋಡಿ ತೋರಸಲಿಲ್ಲ."

ಮಲ್ಲೇಶ್ವರಿ ನೆಲ ನೋಡುತ್ತ ನಿಂತಳು.

"ಮೀಸಲ ಮುರಿದಂಗಾತಲ್ಲ ಮತ್ತ?" ಜಂಬಣ್ಣನ ದನಿ ಇಳಿದಿತ್ತು. ಕೇಳಿದ್ದು ಜಗಳಕ್ಕಲ್ಲ, ಭಯಕ್ಕೆ.

"ಬಾಯಿ ಅವಂದು. ಮುಟ್ಟಂಗಿಲ್ಲ. ಹೊಟ್ಟ್ಯಾಗಿನ ಹುಳಾನೂ ಅವಗ ಬಿಟ್ಟೀನಂತ ನಾ ಎಂದೂ ಅಂದಿಲ್ಲ." ಬಾಲಮ್ಮ ಮರಿಯ ಭುಜದ ಹಿಂದಿನ ಸಡಿಲು ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಎರಡು ವರ್ಷ ಸೊಸೆ ಮಾಡುವುದನ್ನು ದೂರದಿಂದ ನೋಡಿದ್ದಳಲ್ಲ, ಹಿಡಿತ ಸರಿಯಾಗಿತ್ತು.

ಮೂರು ಮರಿ ಸುಮ್ಮನೆ ಹಾಕಿಸಿಕೊಂಡವು. ನಾಲ್ಕನೆಯದು, ಒಣಗಿ ಎಲುಬಾದರೂ ಸೊಕ್ಕಿಗೆ ಕೊರತೆಯಿಲ್ಲದ ಹೆಣ್ಣು ಮರಿ, ಬಾಲಮ್ಮನ ಕೈ ಕೊಸರಿ ಜಂಬಣ್ಣನ ಧೋತರದ ನಡುವೆ ನುಗ್ಗಿತು.

"ಕಂಬದಂಗ ಏನು ನಿಂತೀಯೋ? ಕಾಲು ಹಿಡಿ ಅದರದು!" ಬಾಲಮ್ಮ ಗದರಿದಳು. ಊರ ಹಿರಿಯ ಮಂಡಿಯೂರಿ ಹಿಂಗಾಲು ಹಿಡಿದ. ಎದೆಗೊಂದು ಒದೆ ತಿಂದ. "ಹೋಗು ನಿನ್ನ! ಇದಕ್ಕ ಗರಡಿ ಬ್ಯಾರೆ ಬೇಕೇನು?" ಎಂದ, ಗರಡಿಯ ಕಥೆ ಅಷ್ಟರಲ್ಲೇ ಗೋಡೆ ಹಾರಿ ಊರು ಸುತ್ತಿತ್ತೆಂದು ಕಾಣುತ್ತದೆ. ಮಲ್ಲೇಶ್ವರಿ ಸೂಜಿ ಚುಚ್ಚಿ, ಔಷಧ ಇಳಿಯುವವರೆಗೆ ಮನಸ್ಸಿನಲ್ಲೇ ಎಣಿಸಿ, ತೆಗೆದು, ಬೆರಳಿಂದ ಒತ್ತಿ ಸವರಿದಳು.

"ಇನ್ನ ಮುಂದ?" ಬಾಲಮ್ಮ ಕೇಳಿದಳು.

"ಕಾಯೂದು. ಮೂರು ವಾರ. ಒಳಗ ಬೆಳೀತೋ ಇಲ್ಲೋ ಹೊರಗಿಂದ ಯಾರಿಗೂ ಕಾಣಂಗಿಲ್ಲ ಅತ್ತಿ."

ಜಂಬಣ್ಣ ಧೋತರದ ಧೂಳು ಕೊಡವುತ್ತ ಎದ್ದ. ಎರಡು ಹೆಜ್ಜೆ ಹೋದವನು ನಿಂತು, ತಿರುಗಿ ನೋಡದೆಯೇ ಕೇಳಿದ. "ನಮ್ಮ ಮರಿಗೆ ಲಸಿಕಿ... ಇವತ್ತ ಆಗ್ತದೇನವ್ವಾ?"

"ಗಟ್ಟಿ ಇದ್ದವಕ್ಕ ಇವತ್ತ. ಕಣ್ಣ ರೆಪ್ಪಿ ಬೆಳ್ಳಗಿದ್ದವಕ್ಕ ಮೊದಲ ಹುಳದ ಔಷಧ. ಅದೂ ಒಂದೊಂದು ಮರಿ ನುಂಗೂತನ ನಾನ ನಿಂತು ನೋಡ್ತೀನಿ ಕಾಕಾ. ಸಂಜಿ ಆಗ್ತದ."

"ಆಗ್ಲಿ. ಬಾ."

ಅವನ ಹಟ್ಟಿಯಲ್ಲಿ ಮೊದಲು ಹಿಡಿದ ಮರಿಯ ರೆಪ್ಪೆಯನ್ನು ಮಲ್ಲೇಶ್ವರಿ ಹೆಬ್ಬೆರಳಲ್ಲಿ ಮೆಲ್ಲಗೆ ಕೆಳಗೆಳೆದು ನೋಡಿದಳು. ಒಳಗೆ ದಾಳಿಂಬೆಯ ಬಣ್ಣವಿತ್ತು.